ಚಕ್ರಗೃಹ ಮೀಮಾಂಸೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದಂಪತಿ ಪ್ರವಾಸದ ಶಾಸ್ತ್ರೀಯ ವಿಚಾರ

ಗಾಲಿಯ ಮೇಲೆ ಮನೆ ಹೂಡಿಕೊಂಡು ಗಂಡ ಹೆಂಡತಿ ದೇಶ ಸುತ್ತುತ್ತಾರೆ, ಸುತ್ತುತ್ತ ಒಂದು ಕಾರ್ಖಾನೆಯ ಊರಿನಲ್ಲಿ ಕೆಲಕಾಲ ಠಿಕಾಣಿ ಹಾಕುತ್ತಾರೆ. ವಿಹಾರದ ವಾಹನವಾದ ಆರ್‌ವಿಯ ಹೆಸರಿನಿಂದ ಇದನ್ನು ಆರ್‌ವಿ ಪ್ರವಾಸವೆನ್ನುತ್ತಾರೆ. ಈ ಸಂಸ್ಥೆಯ ಮೂಲ ಯಾವುದೆಂಬುದನ್ನು ವಿದ್ವಾಂಸರು ಇದುವರೆಗೆ ಪಶ್ಚಿಮಕ್ಕೆ ಮುಖ ಮಾಡಿಯೇ ಚರ್ಚಿಸಿದ್ದಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಕಾರ್ಖಾನೆಗಳ ಊರು ತಾನೇ ಇದರ ಜಾಗತಿಕ ರಾಜಧಾನಿಯೆಂದು ಸಾರಿಕೊಂಡು, ಈ ವಾಹನಗಳಿಗೊಂದು ಕೀರ್ತಿಮಂದಿರವನ್ನೂ ಕಟ್ಟಿಸಿಕೊಂಡಿದೆ. ಇಂಗ್ಲೆಂಡಿನವರು ಇದನ್ನು ಒಪ್ಪದೆ, ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯ 1885ರಲ್ಲೇ ಬ್ರಿಸ್ಟಲಿನಲ್ಲಿ ಕಟ್ಟಿಸಿದ ‘ವಾಂಡರರ್’ ಎಂಬ ಕುದುರೆ ಬಂಡಿಯನ್ನು ಮುಂದಿಡುತ್ತಾರೆ. ಆದರೆ ಆ ಬಂಡಿ ಹೊಡೆಯಲು ಸಾರಥಿ ಬೇರೆ, ಡಾಕ್ಟರರ ಸೇವೆಗೆ ಆಳು ಬೇರೆ. ಇಷ್ಟು ಸಿಬ್ಬಂದಿ ಇದ್ದರೆ ಅದು ದಂಪತಿ ಪ್ರವಾಸವಾಗದು, ದರ್ಬಾರಾದೀತು. ಅದೇ 1885ರಲ್ಲಿ ಗೋಕಾಕ ಜಲಪಾತದ ದಂಡೆಯ ಮೇಲೆ ಗೋಕಾಕ ಮಿಲ್ಲು ಹುಟ್ಟಿತೆಂಬುದನ್ನು ಈ ಎರಡೂ ಪಕ್ಷದವರು ಗಮನಿಸಿಲ್ಲ. ಗಮನಿಸಿದ್ದರೆ, ತಾವು ಹುಡುಕುತ್ತಿರುವ ಸಂಸ್ಥೆ ಅದರ ಪೂರ್ಣರೂಪದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಬ್ಬಿನ ಹಾದಿಗಳ ಮೇಲೆ ವರ್ಷಾವರ್ಷ ಓಡಾಡುತ್ತಿರುವುದು ಅವರಿಗೂ ಕಾಣುತ್ತಿತ್ತು. ಇದನ್ನು ಪ್ರಮಾಣಸಹಿತ ಸ್ಥಾಪಿಸುವುದೇ ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಲಕ್ಷಣ. ಆರ್‌ವಿ ಪ್ರವಾಸಕ್ಕೆ ಮೂರು ಅಂಗಗಳಿವೆ: ದಂಪತಿ, ಚಕ್ರಗೃಹ, ಔದ್ಯೋಗಿಕ ತಂಗುದಾಣ. ಮೊದಲ ಅಂಗದಲ್ಲಿ ಅಮೆರಿಕದ ಶಾಸ್ತ್ರ ತೀರ ಸಡಿಲ. ಅಲ್ಲಿ ಒಬ್ಬರೇ ಹೊರಟರೂ ಪ್ರವಾಸವೇ, ನಾಯಿಯೊಂದಿಗೆ ಹೊರಟರೂ ಪ್ರವಾಸವೇ. ನಮ್ಮಲ್ಲಿ ಇಂಥ ಅತಿವ್ಯಾಪ್ತಿ ದೋಷಕ್ಕೆ ಆಸ್ಪದವಿಲ್ಲ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬರುವವರ ಲೆಕ್ಕಪುಸ್ತಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಒಬ್ಬರೇ ಬಂದರೆ ಅರ್ಧ ಕೊಯ್ತಾ. ಕೂಲಿಕಾರರನ್ನು ಒದಗಿಸುವ ಗುತ್ತಿಗೆದಾರನಾದ ಮುಕಾದಮ ಹಂಗಾಮಿಗೆ ಮೊದಲೇ ಮುಂಗಡ ಕೊಡುವುದು ಈ ಜೋಡಿಗೆ. ವಿವಾಹವನ್ನು ಏಳು ಜನ್ಮಗಳ ಬಂಧವೆಂದು ಬಣ್ಣಿಸಿದ ಶಾಸ್ತ್ರಕಾರರುಂಟು. ಗಂಡನಿಲ್ಲದ ಹೆಂಡತಿಯನ್ನೂ ಹೆಂಡತಿಯಿಲ್ಲದ ಗಂಡನನ್ನೂ ಅರ್ಧ ಸಂಖ್ಯೆಯಾಗಿ ರೊಕ್ಕದ ಲೆಕ್ಕಕ್ಕೆ ತಂದವರು ಮುಕಾದಮರೇ. ದಾಂಪತ್ಯದ ಅದ್ವೈತಕ್ಕೆ ಇದಕ್ಕಿಂತ ಖಚಿತವಾದ ವ್ಯಾಖ್ಯಾನ ಬೇರಾವ ದರ್ಶನದಲ್ಲೂ ಸಿಗುವುದಿಲ್ಲ.

ಎರಡನೆಯ ಅಂಗವಾದ ಚಕ್ರಗೃಹದ ವಿಷಯದಲ್ಲಿ ಒಂದು ಪೂರ್ವಪಕ್ಷವುಂಟು. ಈ ದಂಪತಿ ವಾಸ ಮಾಡುವುದು ಹೊಲದಂಚಿನ ಇಲ್ಲವೆ ಕಾರ್ಖಾನೆ ಹತ್ತಿರದ ಜೋಪಡಿಯಲ್ಲಿ. ಟ್ರ್ಯಾಕ್ಟರಿನ ಟ್ರೇಲರೋ ಟೈರಿನ ಚಕ್ಕಡಿಯೋ ಹೊರುವುದು ಕಬ್ಬನ್ನು. ಆದ್ದರಿಂದ ಮನೆಗೂ ಗಾಲಿಗೂ ಸಂಬಂಧವಿಲ್ಲ ಎಂಬುದು ಆಕ್ಷೇಪ. ಇದು ದೃಷ್ಟಿದೋಷ. ಅಮೆರಿಕದ ಟ್ರೇಲರು ಕೂಡ ತಂಗುದಾಣ ತಲುಪಿದೊಡನೆ ಎಳೆಯುವ ಕಾರಿನಿಂದ ಕಳಚಿಕೊಳ್ಳುತ್ತದೆ. ಕಾರು ಪೇಟೆಗೆ ಹೋಗುತ್ತದೆ, ಮನೆ ನಿಂತಲ್ಲೇ ನಿಲ್ಲುತ್ತದೆ. ನಮ್ಮಲ್ಲಿಯೂ ಬಿದಿರು, ಚಾಪೆ, ತಾಡಪತ್ರಿ, ಒಲೆ, ಹಾಸಿಗೆ, ನಾಲ್ಕು ಪಾತ್ರೆ, ಎರಡು ಕೋಳಿ, ತೊಟ್ಟಿಲ ಸೀರೆ ಎಲ್ಲವೂ ಅದೇ ಟ್ರೇಲರಿನಲ್ಲಿ ಬರುತ್ತವೆ, ಇಳಿದು ಮನೆಯಾಗುತ್ತವೆ, ಹಂಗಾಮು ಮುಗಿದ ಮೇಲೆ ಮಡಚಿಕೊಂಡು ಅದರಲ್ಲೇ ಮರಳುತ್ತವೆ. ನಡುವಿನ ತಿಂಗಳುಗಳಲ್ಲಿ ವಾಹನ ಕಬ್ಬು ಹೊರುತ್ತದೆಂಬುದು ಗುಣವೇ ಹೊರತು ದೋಷವಲ್ಲ. ಮನೆ ನಿಂತಾಗಲೂ ಗಳಿಸುವ ಆರ್‌ವಿಯನ್ನು ಎಲ್ಕಾರ್ಟಿನವರು ಇನ್ನೂ ತಯಾರಿಸಬೇಕಾಗಿದೆ. ಸಂಗೀತದ ಸೌಲಭ್ಯದಲ್ಲಂತೂ ಪೈಪೋಟಿಯೇ ಇಲ್ಲ. ಎರಡು ಟ್ರೇಲರು ಕಟ್ಟಿಕೊಂಡು ರಾತ್ರಿ ಸಾಗುವ ನಮ್ಮ ಟ್ರ್ಯಾಕ್ಟರು, ಮುಂದಿನ ಊರಿಗೆ ತನ್ನ ದೀಪಕ್ಕಿಂತ ಮೊದಲು ತನ್ನ ಹಾಡನ್ನು ತಲುಪಿಸುತ್ತದೆ.

ಮೂರನೆಯದಾದ ಔದ್ಯೋಗಿಕ ತಂಗುದಾಣಕ್ಕೆ ಅನುಮಾನ ಪ್ರಮಾಣವೇ ಸಾಕು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ತರ್ಕಶಾಸ್ತ್ರ ಹೇಳಿ ಸುಮ್ಮನಾಯಿತು. ಈ ಸೀಮೆಯಲ್ಲಿ ವ್ಯಾಪ್ತಿ ಇನ್ನೊಂದು ಹೆಜ್ಜೆ ಮುಂದುವರಿದು, ಅಕ್ಟೋಬರ್–ನವೆಂಬರಿನಿಂದ ಬೇಸಿಗೆಯ ಬಾಗಿಲವರೆಗೆ ಎಲ್ಲಿ ಚಿಮಣಿಯ ಹೊಗೆಯುಂಟೋ ಅಲ್ಲಿ ದಂಪತಿಯುಂಟು ಎಂದಾಗುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಬೆಲ್ಲದ ಬಾಗೇವಾಡಿಯ ವಿಶ್ವರಾಜ ಶುಗರ್ಸ್, ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಣಶ್ಯಾಳದ ಸತೀಶ ಶುಗರ್ಸ್, ಹಿರೇನಂದಿಯ ಸೌಭಾಗ್ಯಲಕ್ಷ್ಮಿ: ಮೂರು ತಾಲೂಕುಗಳ ಭೂಪಟದಲ್ಲಿ ಇಷ್ಟು ಚಿಮಣಿಗಳನ್ನು ಗುರುತಿಸಿದರೆ ಪ್ರವಾಸಿ ಮಾರ್ಗದರ್ಶಿಯೇ ಸಿದ್ಧವಾಯಿತು. ಇಲ್ಲಿ ಒಬ್ಬರು ಕೇಳಬಹುದು: ಗೋಕಾಕಕ್ಕೆ ಬರುವ ಪ್ರವಾಸಿ ಜಲಪಾತ ನೋಡಿ, ತೂಗುಸೇತುವೆಯ ಮೇಲೆ ನಿಂತು, ಕರದಂಟಿನ ಡಬ್ಬಿ ಹಿಡಿದು ಹೋಗುವವನಲ್ಲವೆ? ಅವನು ಮಳೆಗಾಲದ ಪ್ರವಾಸಿ. ಘಟಪ್ರಭೆ 52 ಮೀಟರು ಎತ್ತರದಿಂದ ಕೆಂಪಗೆ ಧುಮುಕುವಾಗ ಬಂದು, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಕಬ್ಬಿನ ದಂಪತಿ ಬರುವುದು ನೀರು ಇಳಿದು ಬಂಡೆ ಕಾಣತೊಡಗಿದ ಮೇಲೆ. ನೋಡಲು ಏನೂ ಇಲ್ಲದ ಕಾಲದಲ್ಲಿ ಬಂದು ತಿಂಗಳುಗಟ್ಟಲೆ ಉಳಿಯುವವರ ಪ್ರವಾಸನಿಷ್ಠೆಯನ್ನು ಶಂಕಿಸುವುದು ವಿದ್ವತ್ತಿಗೆ ಶೋಭಿಸದು.

ಅಮೆರಿಕದ ಒಳ್ಳೆಯ ತಂಗುದಾಣಗಳಲ್ಲಿ ವಾಹನಕ್ಕೆ ಮೂರು ಜೋಡಣೆ ಕೊಡುತ್ತಾರೆ: ನೀರು, ವಿದ್ಯುತ್ತು, ಶೌಚದ ಕೊಳವೆ. ನಮ್ಮಲ್ಲಿ ಅವು ಇಲ್ಲವೆಂಬ ಆಕ್ಷೇಪವನ್ನು ಒಂದೊಂದಾಗಿ ಪರಿಶೀಲಿಸೋಣ. ನೀರು ಪಕ್ಕದ ಹೊಲದ ಪಂಪ್‌ಸೆಟ್ಟಿನಲ್ಲಿದೆ. ಹೊಲದ ಯಜಮಾನ ಮೋಟರು ಹಾಕಿದಾಗ ಬರುತ್ತದೆ. ವಿದ್ಯುತ್ತಿಗಂತೂ ಈ ಸೀಮೆ ತವರುಮನೆ: ಗೋಕಾಕದ ಜಲಪಾತದಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ವಿದ್ಯುತ್ತು ತೆಗೆದರು, ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ತಿಗೇ ಒಂದು ಸಹಕಾರ ಸಂಘವಿದೆ, ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡಿ ಮಾರುತ್ತವೆ. ಈ ಸಿಪ್ಪೆಯ ಕಬ್ಬನ್ನು ಕಡಿದವರ ಜೋಪಡಿಯಲ್ಲಿ ಕತ್ತಲಿರುವುದು, ವಿದ್ಯುತ್ತಿನ ಅಭಾವದಿಂದಲ್ಲ, ತಂತಿಯ ಅಭಾವದಿಂದ ಎಂಬ ಸೂಕ್ಷ್ಮವನ್ನು ಗಮನಿಸಬೇಕು. ಮೂರನೆಯ ಸೌಲಭ್ಯಕ್ಕೆ ಕಬ್ಬಿನ ಗದ್ದೆಯ ಮರೆಯಿದೆ. ಅದನ್ನು ದಂಪತಿ ತಮ್ಮ ಕೈಯಾರೆ ದಿನಕ್ಕಿಷ್ಟರಂತೆ ಕಡಿದು ಕಡಿಮೆ ಮಾಡುತ್ತ ಹೋಗುತ್ತಾರೆಂಬುದು, ಮತ್ತು ಅದರ ಚಿಂತೆ ಜೋಡಿಯಲ್ಲಿ ಒಬ್ಬರಿಗೇ ಹೆಚ್ಚೆಂಬುದು, ವಾಸ್ತುಶಾಸ್ತ್ರದ ಒಂದು ಕಠಿಣ ಸಮಸ್ಯೆ.

ಈಗ ಮಹಾಪೂರ್ವಪಕ್ಷ. ಆರ್‌ವಿ ಪ್ರವಾಸದ ಪ್ರಾಣ ವಿಹಾರ. ಕಬ್ಬು ಕಡಿಯುವುದು ದುಡಿಮೆ. ಎರಡನ್ನೂ ಒಂದೆನ್ನುವುದು ಹೇಗೆ? ಉತ್ತರ ಅಮೆರಿಕದಲ್ಲೇ ಇದೆ. ಮಿನೆಸೋಟಾ, ನಾರ್ತ್ ಡಕೋಟಾಗಳ ರೆಡ್ ನದಿಯ ಬಯಲಿನಲ್ಲಿ ಅಕ್ಟೋಬರು ಬಂತೆಂದರೆ ಸಕ್ಕರೆ ಬೀಟಿನ ಸುಗ್ಗಿ. ಆಗ ಆರ್‌ವಿಗಳಲ್ಲಿ ಬರುವ ಜನ, ಅವರಲ್ಲಿ ಎಷ್ಟೋ ನಿವೃತ್ತ ದಂಪತಿಗಳು, 12 ಗಂಟೆಯ ಪಾಳಿಯಲ್ಲಿ ಬೀಟಿನ ಒಟ್ಟಲುಗಳ ಬಳಿ ದುಡಿಯುತ್ತಾರೆ. ವಾಹನ ನಿಲ್ಲಿಸಲು ಜಾಗ ಕೆಲಸ ಕೊಟ್ಟವರದೇ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೋಮ್ಯಾಡ್‌ಲ್ಯಾಂಡ್’ ಇಂಥವರ ಮೇಲಿನ ಪುಸ್ತಕವೇ. ಅಂದರೆ ಆರ್‌ವಿಯೂ ಕೊನೆಗೆ ಸಕ್ಕರೆಯ ಹಂಗಾಮಿಗೇ ಬಂದು ನಿಲ್ಲುತ್ತದೆ. ಬೆಳೆ ನೆಲದ ಮೇಲಿನದೋ ಕೆಳಗಿನದೋ ಎಂಬುದಷ್ಟೇ ಭೇದ. ಹಾಗೆಯೇ ಆರ್‌ವಿಯನ್ನು ಸಾಲ ಮಾಡಿ ಕೊಳ್ಳುತ್ತಾರೆ, ಕೊಯ್ತಾ ಕೂಡ ಮುಂಗಡದ ಸಾಲದ ಮೇಲೆಯೇ ಹೊರಡುತ್ತದೆ. ಅಲ್ಲಿ ವಿಶ್ರಾಂತಿ ಪಡೆಯಲು ಜಾಗಕ್ಕೆ ಬಾಡಿಗೆ ಕೊಡಬೇಕು. ಇಲ್ಲಿ ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ದಂಡ ಬೀಳುತ್ತದೆ. ವಿಶ್ರಾಂತಿಗೆ ರೊಕ್ಕ ತೆರುವುದೇ ವಿಹಾರದ ಲಕ್ಷಣವಾದರೆ, ನಮ್ಮ ದಂಪತಿಯ ವಿಹಾರ ಹೆಚ್ಚು ದುಬಾರಿಯದು. ಇಷ್ಟಕ್ಕೂ ಗೋಕಾಕ ಜಲಪಾತವನ್ನೇ ಗಿರಣಿಯ ಪಾಳಿಗೆ ಹಚ್ಚಿದ ಊರು. ಮನುಷ್ಯರು ಸುಮ್ಮನೆ ತಿರುಗಾಡಲಿ ಎಂದು ನಿರೀಕ್ಷಿಸುವುದು ಸ್ಥಳಧರ್ಮಕ್ಕೆ ವಿರುದ್ಧ.

ಹೀಗೆ ಎಲ್ಲ ಆಕ್ಷೇಪಗಳನ್ನೂ ಗೆದ್ದ ಸಿದ್ಧಾಂತ ಒಂದೆಡೆ ಮಾತ್ರ ಮುಗ್ಗರಿಸುತ್ತದೆ. ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ಹೊರಬಿದ್ದು, ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ತಿಂಗಳ ಆ ಕೆಲವು ದಿನಗಳು ಕೆಲಸ ತಪ್ಪಿ ದಂಡ ಬೀಳಬಾರದೆಂಬ ಲೆಕ್ಕವೂ ಅದರ ಹಿಂದಿತ್ತೆಂದು ಆಗ ಬಂದ ವರದಿಗಳು ಹೇಳಿದವು. ಉಪಮಾನ ಪ್ರಮಾಣ ಇಲ್ಲಿ ಕೈಕೊಡುತ್ತದೆ. ಪ್ರವಾಸಕ್ಕಾಗಿ ಸಾಮಾನು ಕಡಿಮೆ ಮಾಡಿಕೊಳ್ಳುವ ಯಾವ ಆರ್‌ವಿ ದಂಪತಿಯೂ ಇಷ್ಟು ದೂರ ಹೋಗಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲಿ ಕೂತರು, ಮುಖ್ಯಮಂತ್ರಿಯವರೆಗೆ ಮಾತು ಹೋಗಿ 3,300ಕ್ಕೆ ಇತ್ಯರ್ಥವಾಯಿತು. ರೈತ ರಸ್ತೆ ತಡೆಯಬಲ್ಲ, ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಬಲ್ಲುದು, ಅಮೆರಿಕದ ದಂಪತಿ ಬೀಟಿನ ಕೆಲಸ ಬೇಸರವಾದರೆ ಗಾಡಿ ತಿರುಗಿಸಿಕೊಂಡು ಹೋಗಬಲ್ಲರು. ಮುಂಗಡ ಹರಿಯುವ ತನಕ ಊರಿಗೆ ತಿರುಗಲಾರದ್ದು ಕೊಯ್ತಾ ಒಂದೇ. ಆದ್ದರಿಂದ ನಮ್ಮ ಲಕ್ಷಣಕ್ಕೆ ನಾಲ್ಕನೆಯ ಅಂಗವೊಂದನ್ನು ಸೇರಿಸಿ ತಿದ್ದಬೇಕಾಗಿದೆ: ಯಾರು ತಾವು ಹೊರಡುವ ದಿನವನ್ನು ತಾವೇ ಗೊತ್ತುಮಾಡಬಲ್ಲರೋ ಅವರದು ಪ್ರವಾಸ. ಈ ತಿದ್ದುಪಡಿಯಿಂದ ಪ್ರಬಂಧದ ಪ್ರತಿಜ್ಞೆ ಬಿದ್ದುಹೋಗುತ್ತದೆ, ಎಲ್ಕಾರ್ಟಿನ ಕೀರ್ತಿಮಂದಿರ ಎಲ್ಕಾರ್ಟಿನಲ್ಲೇ ಉಳಿಯುತ್ತದೆ. ಪ್ರತಿಜ್ಞೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಅಧಿಕಾರ ವಿದ್ವಾಂಸರಿಗಿಲ್ಲ. ಅದು ಮುಂಗಡದ ವಹಿ ಯಾರ ಕೈಯಲ್ಲಿದೆಯೋ ಅವರಿಗಿದೆ.