ಪ್ರಥಮದಿನ ಮೀಮಾಂಸೆ

ಶಾಲೆ ತೆರೆದ ಮೊದಲ ದಿನ, ಹಾಜರಿ ಪುಸ್ತಕ ಹಿಡಿದ ಶಿಕ್ಷಕರ ಬಲಗಾಲು ತರಗತಿಯ ಹೊಸ್ತಿಲು ದಾಟಿದ ಕ್ಷಣದಿಂದ ಪಿರಿಯಡ್ಡಿನ ಗಂಟೆ ಬಾರಿಸುವವರೆಗೆ ಗುರುಶಿಷ್ಯರ ನಡುವೆ ನಡೆದುಹೋಗುವ ಮತ್ತು ವರ್ಷಪೂರ್ತಿ ತಿದ್ದಲು ಬಾರದ ಸಂಗತಿಗಳ ವಿಚಾರಕ್ಕೆ ‘ಪ್ರಥಮದಿನ ಮೀಮಾಂಸೆ’ ಎಂದು ಹೆಸರು. ಅನುಬಂಧ ಚತುಷ್ಟಯವನ್ನು, ಅಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಯಾವ ಶಾಸ್ತ್ರವೂ ಮುಂದಡಿ ಇಡಬಾರದೆಂಬ ಕಟ್ಟಳೆ ಇರುವುದರಿಂದ ಅವನ್ನು ಇಲ್ಲಿಯೇ ಮುಗಿಸುವುದು ಕ್ಷೇಮ. ಇದರ ವಿಷಯ ಮೊದಲ ದಿನ. ಪ್ರಯೋಜನ ಎರಡನೆಯ ದಿನ. ಎರಡಕ್ಕೂ ಇರುವ ಸಂಬಂಧ ನಡುವಿನ ಒಂದು ರಾತ್ರಿಯ ನಿದ್ದೆಗೇಡು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹರಾದವರು, ವೇಳಾಪಟ್ಟಿಯಲ್ಲಿ ಏಳನೆಯ ತರಗತಿಯ ಮೊದಲ ಪಿರಿಯಡ್ಡು ಯಾರ ಪಾಲಿಗೆ ಬಂದಿದೆಯೋ ಅವರು.

ಈ ವಿಚಾರಕ್ಕೆ ದಾವಣಗೆರೆಯ ಕೆ.ಬಿ. ಬಡಾವಣೆಯನ್ನು ಕ್ಷೇತ್ರವಾಗಿ ಆರಿಸಿಕೊಂಡಿರುವುದು ಆಕಸ್ಮಿಕವಲ್ಲ. ದಾವಣಗೆರೆಯು ಇನಿಷಿಯಲ್‌ಗಳ ಮೇಲೆ ನಿಂತ ನಗರ. ಇಲ್ಲಿ ಜನ ಪಿ.ಜೆ. ಬಡಾವಣೆಯಲ್ಲಿ ಹುಟ್ಟಿ, ಕೆ.ಬಿ. ಬಡಾವಣೆಯಲ್ಲಿ ಬೆಳೆದು, ಡಿ.ಆರ್.ಎಂ.ನಲ್ಲೋ ಎ.ವಿ.ಕೆ.ಯಲ್ಲೋ ಓದಿ, 1965ರ ಜೆ.ಜೆ.ಎಂ. ಮೆಡಿಕಲ್ ಕಾಲೇಜನ್ನೋ 1979ರ ಬಿ.ಐ.ಇ.ಟಿ.ಯನ್ನೋ ಸೇರುವ ಕನಸು ಕಾಣುತ್ತಾರೆ. ಈ ಅಕ್ಷರಗಳನ್ನು ಬಿಡಿಸಿ ಹೇಳೆಂದು ಯಾವ ಆಟೋದವನೂ ಕೇಳುವುದಿಲ್ಲ. ಊರಿಗೆ ಇಷ್ಟು ಒಗ್ಗಿದ ಈ ಸಂಕ್ಷೇಪವೇ ತರಗತಿಯೊಳಗೆ ಕಾಲಿಟ್ಟಾಗ ಏನಾಗುತ್ತದೆಂಬುದೇ ಪ್ರಸ್ತುತ ಪ್ರಬಂಧದ ಮುಖ್ಯ ಸಮಸ್ಯೆ.

ಮೊದಲ ದಿನದ ಬಾಹ್ಯ ಲಕ್ಷಣಗಳು ಸುಪರಿಚಿತ. ಮೇ ತಿಂಗಳ ಕೊನೆಗೆ ಶಾಲೆಯ ಬಾಗಿಲಿಗೆ ಮಾವಿನ ತೋರಣ ಏರುತ್ತದೆ, ಮಕ್ಕಳ ಕೈಗೆ ಹೂವು ಬರುತ್ತದೆ, ಬಿಸಿಯೂಟದ ತಟ್ಟೆಗೆ ಸಿಹಿ ಬೀಳುತ್ತದೆ. ಇದಕ್ಕೆ ಪ್ರಾರಂಭೋತ್ಸವವೆಂದು ಹೆಸರು. ಇದರ ಬೆನ್ನಿಗೇ ಬರುವುದು ‘ಸೇತುಬಂಧ’. ಹೋದ ವರ್ಷ ಕಲಿತದ್ದಕ್ಕೂ ಈ ವರ್ಷ ಕಲಿಯಬೇಕಾದದ್ದಕ್ಕೂ ಕಟ್ಟುವ ಸೇತುವೆ ಎಂಬುದು ಇದರ ಅರ್ಥವಾಗಿದ್ದು, ನಡುವಿನ ಸಮುದ್ರ ಬೇಸಿಗೆ ರಜೆಯೆಂದೂ ಅದರಲ್ಲಿ ಮೊದಲು ಮುಳುಗುವುದು ಮಗ್ಗಿಯೆಂದೂ ಬಲ್ಲವರ ಅಭಿಪ್ರಾಯ.

ಆದರೆ ಸೇತುಬಂಧದ ಪರೀಕ್ಷೆಯಿಂದ ಶಿಕ್ಷಕರು ಮಕ್ಕಳನ್ನು ಅಳೆಯುವ ಎಷ್ಟೋ ಮೊದಲೇ ಮಕ್ಕಳು ಶಿಕ್ಷಕರನ್ನು ಅಳೆದು ಮುಗಿಸಿರುತ್ತಾರೆ, ಮತ್ತು ಈ ಅಳತೆಗೆ ಅವರು ಬಳಸುವುದು ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳನ್ನೇ. ಪ್ರತ್ಯಕ್ಷವೆಂದರೆ ಕಣ್ಣಿಗೆ ಕಂಡದ್ದು: ಇಸ್ತ್ರಿಯ ಗೆರೆ, ಚಪ್ಪಲಿಯ ಸದ್ದು, ಬೋರ್ಡಿನ ಮೇಲೆ ಏರುತ್ತ ಹೋಗುವ ಸಾಲು. ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು: ಹೊಗೆಯಿರುವಲ್ಲಿ ಬೆಂಕಿಯಿರುವಂತೆ, ಜೇಬಿನಲ್ಲಿ ಕೆಂಪು ಪೆನ್ನು ಇರುವಲ್ಲಿ ಹೋಂವರ್ಕು ಇರುತ್ತದೆ. ಉಪಮಾನವೆಂದರೆ ಹೋಲಿಕೆ: ಹಸುವನ್ನು ಹೋಲುವುದು ಗವಯವೆಂದು ಶಾಸ್ತ್ರವು ಹೇಳಿದರೆ, ‘ಹೋದ ವರ್ಷದ ಗಣಿತದ ಸಾರ್ ಇದ್ದಂಗೇ ಅದಾರೆ, ಕನ್ನಡಕ ಒಂದಿಲ್ಲ’ ಎಂದು ಎರಡನೆಯ ಬೆಂಚು ಹೇಳುತ್ತದೆ. ನಾಲ್ಕನೆಯದಾದ ಶಬ್ದವು ಆಪ್ತವಾಕ್ಯ, ಅಂದರೆ ನಂಬಿಕೆಗೆ ಅರ್ಹರಾದವರ ಮಾತು. ಎಂಟನೆಯ ತರಗತಿಯ ಅಣ್ಣಂದಿರು ಹಿಂದಿನ ಸಂಜೆ ಮಂಡಕ್ಕಿ-ಮಿರ್ಚಿಯ ಎದುರಿನಲ್ಲಿ ನೀಡಿದ ಈ ಸಾಕ್ಷ್ಯವು ಉಳಿದ ಮೂರನ್ನೂ ಬಾಧಿಸುವಷ್ಟು ಬಲಿಷ್ಠವಾದುದು.

ಇದರ ಫಲವಾಗಿ ಅದೇ ಪಿರಿಯಡ್ಡಿನಲ್ಲಿ ಎರಡು ನಾಮಕರಣಗಳು ಒಟ್ಟಿಗೆ ನಡೆಯುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಂತೆ ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಆ 35 ಹೆಸರುಗಳು ಬಾಯಿಗೆ ಬರಲು ಒಬ್ಬ ಶಿಕ್ಷಕರಿಗೆ ಗಣೇಶನ ಹಬ್ಬದವರೆಗೆ ಕಾಲ ಬೇಕಾದರೆ, ಆ ಒಬ್ಬರಿಗೆ ಒಂದು ಅಡ್ಡಹೆಸರು ಇಡಲು 35 ಮಂದಿಗೆ ಅರ್ಧ ಗಂಟೆ ಸಾಕು. ತೊಟ್ಟಿಲೂ ಇಲ್ಲದೆ ಪುರೋಹಿತರೂ ಇಲ್ಲದೆ ಇಟ್ಟ ಆ ಹೆಸರು ನಿವೃತ್ತಿಯ ಬೀಳ್ಕೊಡುಗೆಯ ದಿನದವರೆಗೂ ಸವೆಯುವುದಿಲ್ಲ.

ಇದನ್ನು ತಡೆಯಲು ಶಿಕ್ಷಕರಲ್ಲಿ ಎರಡು ಪಂಥಗಳು ಹುಟ್ಟಿಕೊಂಡಿವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನೇ ಸೂತ್ರವಾಗಿ ಹಿಡಿದ ರುದ್ರಪಂಥವು ಮೊದಲ ದಿನ ಹಲ್ಲು ಕಾಣಿಸಕೂಡದೆಂದು ವಿಧಿಸುತ್ತದೆ. 2009ರ ಅದೇ ಕಾಯ್ದೆಯ 17ನೆಯ ಸೆಕ್ಷನ್ನು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಬೆತ್ತವೆಂಬ ಆಯುಧವನ್ನು ಕಳೆದುಕೊಂಡ ಈ ಪಂಥವು ಈಗ ಮೇಜಿನ ಮೇಲೆ ಕುಟ್ಟುವ ಡಸ್ಟರನ್ನೂ ಹುಬ್ಬನ್ನೂ ನಂಬಿದೆ. ಹರಿಪಂಥದವರಾದರೋ ‘ನಾನೂ ನಿಮ್ಮ ಫ್ರೆಂಡ್ ಇದ್ದಂಗೆ’ ಎಂಬ ಮಂಗಳವಾಕ್ಯದಿಂದ ಆರಂಭಿಸುತ್ತಾರೆ. ತರಗತಿಯು ಆ ಮಾತನ್ನು ಅಕ್ಷರಶಃ ಸ್ವೀಕರಿಸಿತೆಂಬುದು ಅವರಿಗೆ ಗುರುವಾರದ ಹೊತ್ತಿಗೆ ಅರಿವಾಗುತ್ತದೆ.

ಈ ವಿವಾದಕ್ಕೆ ಸಮಾಧಾನವು ಬಡಾವಣೆಯಿಂದ ಸುಮಾರು 14 ಕಿ.ಮೀ. ದೂರದಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿದೆ. ಹೊಯ್ಸಳ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಹರಿಯೊಬ್ಬನಿಂದಾಗಲಿ ಹರನೊಬ್ಬನಿಂದಾಗಲಿ ಸಾಯದಂತೆ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂದು ಸ್ಥಳಪುರಾಣ. ತರಗತಿಯ ಗದ್ದಲವೂ ಇಂಥದೇ ವರ ಪಡೆದ ಅಸುರನೆಂದು ಅರಿತ ಕೆಲವರು ಬಲಗೈಯಲ್ಲಿ ಡಸ್ಟರನ್ನೂ ಎಡಗೈಯಲ್ಲಿ ಚಾಕೊಲೇಟಿನ ಪೊಟ್ಟಣವನ್ನೂ ಹಿಡಿದು ಹರಿಹರಪಂಥವನ್ನು ಸ್ಥಾಪಿಸಲು ಯತ್ನಿಸಿದ್ದುಂಟು. ಇದರಲ್ಲಿರುವ ದೋಷವೆಂದರೆ, ಹುಡುಗರು ಒಂದು ಕಡೆ ಹುಡುಗಿಯರು ಇನ್ನೊಂದು ಕಡೆ ಕೂರುವ ತರಗತಿಯಲ್ಲಿ ಬಲಬದಿಗೆ ಬರೀ ರುದ್ರನೂ ಎಡಬದಿಗೆ ಬರೀ ಹರಿಯೂ ಕಂಡು, ಒಂದೇ ಮನೆಯ ಅಣ್ಣತಂಗಿಯರು ಒಬ್ಬರೇ ಶಿಕ್ಷಕರ ಬಗ್ಗೆ ಅಮ್ಮನಿಗೆ ಎರಡು ವರದಿ ಒಪ್ಪಿಸುತ್ತಾರೆ.

ಪಂಥಗಳೆಲ್ಲ ಮೂರ್ತಿಯನ್ನು ನೋಡಿ ಹೆಸರನ್ನು ಮರೆತದ್ದೇ ಈ ಸೋಲಿಗೆ ಕಾರಣ. ಹರಿಹರವು ಇಬ್ಬರ ಹೆಸರನ್ನು ಒಂದಕ್ಷರವೂ ಕಡಿಯದೆ ಕೂಡಿಸಿಕೊಂಡ ಊರು. ದಾವಣಗೆರೆಯು ಹೆಸರನ್ನು ಕಡಿದೇ ನಡೆಯುವ ಊರು. ಬಡಾವಣೆಯ ಏಳನೆಯ ತರಗತಿಯಲ್ಲಿ ಮೂವರು ಬಸವರಾಜರಿದ್ದಾರೆಂದು ಭಾವಿಸೋಣ. ಮೊದಲ ದಿನವೇ ಶಿಕ್ಷಕರು ಅವರನ್ನು ಎಂ.ಬಿ., ಎಸ್.ಬಿ., ಕೆ.ಬಿ. ಎಂದು ಕೂಗಿದರೆ ಮೂರನೆಯವನು ತಾನಿರುವ ಬಡಾವಣೆಯೇ ಆಗಿಬಿಡುತ್ತಾನೆ, ಮತ್ತು ‘ಯೆಸ್ ಸಾರ್’ ಎಂಬ ಅವನ ಉತ್ತರವು ವ್ಯಕ್ತಿಯದಾಗದೆ ವಿಳಾಸದ್ದಾಗುತ್ತದೆ.

ಆದ್ದರಿಂದ ಸಿದ್ಧಾಂತವಿಷ್ಟೆ: ಮೊದಲ ದಿನದ ಪಾಠವೆಂದರೆ ಹಾಜರಿಯೇ. ಪುಸ್ತಕದಲ್ಲಿರುವುದನ್ನು ಓದಿ ಮುಗಿಸದೆ, ಪ್ರತಿ ಮಗುವಿನ ಬಾಯಿಂದಲೇ ಅದರ ಪೂರ್ತಿ ಹೆಸರನ್ನು ಕೇಳಿ, ಅದು ಹೇಳಿದಂತೆಯೇ ತಿರುಗಿ ಹೇಳುವುದು ವಿಧಿ. ಪಿರಿಯಡ್ಡು ಪೂರಾ ಅದಕ್ಕೇ ಹೋದರೆ ಹೋಗಲಿ, ಮುಳುಗಿದ ಮಗ್ಗಿ ಇನ್ನೊಂದು ದಿನ ಅಲ್ಲೇ ಇರುತ್ತದೆ. ಇದರಿಂದ ಶಿಕ್ಷಕರಿಗೆ ಬಿದ್ದ ಅಡ್ಡಹೆಸರು ಅಳಿಯುತ್ತದೆಂದು ಈ ಶಾಸ್ತ್ರವು ಹೇಳುವುದಿಲ್ಲ. ಅದನ್ನು ಹೇಳುವ ದನಿ ಬದಲಾಗುತ್ತದೆ. ಎರಡನೆಯ ದಿನ ಪುಸ್ತಕ ತೆರೆಯದೆಯೇ ಮೂರನೆಯ ಬೆಂಚಿನ ಕಡೆ ತಿರುಗಿ ಬಸವರಾಜನನ್ನು ಬಸವರಾಜನೆಂದು ಕರೆಯಬಲ್ಲವರಿಗೆ ಈ ಗ್ರಂಥದ ಅಗತ್ಯವಿಲ್ಲ. ಉಳಿದವರು ಮೇ ತಿಂಗಳೊಳಗೆ ಓದಿಕೊಳ್ಳತಕ್ಕದ್ದು.