ನಮ್ಮೂರಾಗ ಹಂಗೇನಿಲ್ರಿ

ಉಗಾರ ಬುದ್ರುಕದಿಂದ ಹಿಡಿದು ಅಥಣಿ, ರಾಯಬಾಗದ ತನಕ ಯಾವ ಕಟ್ಟೆಯ ಮೇಲೆ ಕುಳಿತಾದರೂ ಅಸ್ಪೃಶ್ಯತೆಯ ಮಾತು ತೆಗೆಯಿರಿ, ಉತ್ತರ ಒಂದೇ: “ನಮ್ಮೂರಾಗ ಹಂಗೇನಿಲ್ರಿ. ಎಲ್ಲಾರೂ ಅಣ್ಣತಮ್ಮಂದಿರ ಗತೆ ಅದೀವಿ.” ಹೀಗೆ ಹೇಳುವವರು ಸಾಮಾನ್ಯವಾಗಿ ಅಣ್ಣಂದಿರು. ತಮ್ಮಂದಿರನ್ನು ಕೇಳಬೇಕೆಂದರೆ ಊರ ಹೊರಗಿನ ಓಣಿಗೆ ಹೋಗಬೇಕು.

ಸುಧಾರಣೆಯೇ ಆಗಿಲ್ಲ ಎಂದರೆ ನಾಲಿಗೆ ಬಿದ್ದೀತು. ಚಹಾದಂಗಡಿಯಲ್ಲಿ ಹಿಂದೆ ದಲಿತರಿಗೆಂದೇ ಬೇರೆ ಕಪ್ಪು ಇರುತ್ತಿತ್ತು, ಕುಡಿದವರೇ ತೊಳೆದಿಡಬೇಕಿತ್ತು. ಈಗ ಕಾಗದದ ಕಪ್ಪು ಬಂದಿದೆ, ಎಲ್ಲರೂ ಕುಡಿದು ಒಂದೇ ಬುಟ್ಟಿಗೆ ಎಸೆಯುತ್ತಾರೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ ದಶಕಗಟ್ಟಲೆ ಹೆಣಗಿದ್ದನ್ನು ಪೇಪರ್ ಕಪ್ಪು ಮಾಡಿ ಮುಗಿಸಿತು! ಕ್ಷೌರಕ್ಕೆ ಮಾತ್ರ ಇಂಥ ಉಪಾಯ ಇನ್ನೂ ಹೊಳೆದಿಲ್ಲ. ಹಾಗಾಗಿ ದಲಿತ ಹುಡುಗ ಬಂದು ಕುಳಿತರೆ ಕೆಲವು ಊರುಗಳಲ್ಲಿ ಅಂಗಡಿಯೇ ಬಂದ್.

ಈ ಸೀಮೆ ಕಾನೂನು ಕಾಣದ ಸೀಮೆಯೇನಲ್ಲ. ಗಡಿಯಾಚೆಯ ಮಾಣಗಾವಿಯಲ್ಲಿ 1920ರಲ್ಲೇ ಕೊಲ್ಹಾಪುರದ ಶಾಹು ಮಹಾರಾಜರು ದಲಿತರಿಗೆ ಅಂಬೇಡ್ಕರರನ್ನು ತೋರಿಸಿ, ಇವರೇ ನಿಮ್ಮ ನಾಯಕರು ಎಂದಿದ್ದರು. 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಯ ಪರಿಷತ್ತಿಗೆ ಬಂದರು. 1927ರಲ್ಲಿ, ದಲಿತರನ್ನು ಹತ್ತಿರ ಬಿಡದಿದ್ದ ಮಹಾಡದ ಕೆರೆಯ ನೀರು ಮುಟ್ಟಿದರು. ಮುಟ್ಟಿದ್ದು ಸರಿ ಎಂದು ಮುಂಬಯಿ ಹೈಕೋರ್ಟು ಒಪ್ಪಿದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ. ಆ ಪದ್ಧತಿಯನ್ನು ನಾವು ಭಕ್ತಿಯಿಂದ ಉಳಿಸಿಕೊಂಡಿದ್ದೇವೆ: ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿದ್ದದ್ದು 2014ರಲ್ಲಿ, 98 ಜನರಿಗೆ ಜೀವಾವಧಿ ಶಿಕ್ಷೆಯಾದದ್ದು 2024ರಲ್ಲಿ.

ತಡ ಮಾಡುವ ಪದ್ಧತಿ ನಮ್ಮದೊಂದೇ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಕರಿಯರು, ಬಿಳಿಯರು ಎಂಬ ಭೇದ ಅಳಿಸಲು ಆದೇಶಿಸಿ, ‘ಸಾವಧಾನದಿಂದಲೇ ಬೇಗ ಮಾಡಿ’ ಎಂಬರ್ಥದ ಮಾತು ಸೇರಿಸಿದ್ದು 1955ರ ಮೇ 31ರಂದು. ಮರುದಿನವೇ, ಜೂನ್ 1ಕ್ಕೆ, ನಮ್ಮ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಯಾಯಿತು. ಆ ‘ಸಾವಧಾನ’ವನ್ನು ಅಮೆರಿಕದವರಿಗಿಂತ ನಿಷ್ಠೆಯಿಂದ ಪಾಲಿಸಿದವರು ನಾವು. 1976ರಲ್ಲಿ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣೆ ಎಂಬ ಗಂಭೀರ ಹೆಸರು ಬಂತು. ಅಂಗಡಿ, ಹೋಟೆಲು, ಬಾವಿಗೆ ಬಿಡದಿದ್ದರೆ ಒಂದರಿಂದ ಆರು ತಿಂಗಳು ಜೈಲು, ಜೊತೆಗೆ ನೂರರಿಂದ ಐನೂರು ರೂಪಾಯಿ ದಂಡ. ಹೆಲ್ಮೆಟ್ ಹಾಕದ ತಲೆಗೂ ಕರ್ನಾಟಕದಲ್ಲಿ ಐನೂರೇ. ತಲೆಯೊಳಗೆ ಏನಿದ್ದರೂ ಅದಕ್ಕಿಂತ ಹೆಚ್ಚಿಗೆ ಕೊಡಬೇಕಾಗಿಲ್ಲ.

ಜೈಲಿನ ಭಯ ಬೇಡ, ಅದಕ್ಕೆ ನಮ್ಮಲ್ಲಿ ಹಿರಿಯರಿದ್ದಾರೆ. ಅಟ್ರಾಸಿಟಿ ಕೇಸು, ಅಂದರೆ ದೌರ್ಜನ್ಯ ತಡೆ ಕಾಯ್ದೆಯ ಕೇಸು, ಕಾನೂನಿನ ಪ್ರಕಾರ ರಾಜಿಯಾಗುವ ಕೇಸಲ್ಲ. ಆದರೆ ಕಾಯ್ದೆ ಕಟ್ಟೆಗೆ ಬರುವುದಿಲ್ಲವಲ್ಲ. “ಆದದ್ದಾತು, ಊರಿನ ಮರ್ಯಾದಿ ಯಾಕ ಕಳೀತಿ?” ಎಂದು ಶುರುವಾಗುತ್ತದೆ. ಒಪ್ಪದಿದ್ದರೆ ಪ್ರತಿದೂರು ತಯಾರು. ಆಮೇಲೆ, ಬಲು ಮೆಲ್ಲಗೆ: “ಈ ಸಲ ನಮ್ಮ ಹೊಲಕ್ಕ ಕಬ್ಬು ಕಡಿಯಾಕ ನಿಮ್ಮ ಗ್ಯಾಂಗ್ ಬ್ಯಾಡ.” ಸಕ್ಕರೆ ಕಾರ್ಖಾನೆ ಶುರುವಾಗುವ ಹೊತ್ತಿಗೆ ಈ ಒಂದು ಮಾತು ಯಾವ ಕೋಲಿಗಿಂತಲೂ ಜೋರಾಗಿ ಬೀಳುತ್ತದೆ. ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾನೆ. ಸೌಹಾರ್ದ ನೆಲೆಸುತ್ತದೆ.

ಕೋರ್ಟಿನವರೆಗೆ ಹೋದರೂ ನಡುವೆ ವರ್ಷಗಳಿವೆ. ಕಂಬಾಲಪಲ್ಲಿ ಎಂಬ ಊರಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಖರೆ, ಕೊಂದವರು ಯಾರೂ ಇಲ್ಲ. ಆ ಊರಲ್ಲೂ ಹಂಗೇನಿರಲಿಲ್ಲ ಅನ್ನಿ.

ಹಾಗಾಗಿ ಅಣ್ಣಂದಿರಿಗೆ ಹೇಳುವಂಥದ್ದು ನನ್ನಲ್ಲಿ ಏನೂ ಉಳಿದಿಲ್ಲ. ಊರ ಹೊರಗಿನ ಓಣಿಯವರಿಗೆ ಒಂದೇ ಮಾತು. 2016ರಿಂದ ದೌರ್ಜನ್ಯ ತಡೆ ಕಾಯ್ದೆಯಲ್ಲಿ 15ಎ ಎಂಬ ಕಲಂ ಇದೆ. ನೊಂದವರಿಗೆ, ಸಾಕ್ಷಿಗಳಿಗೆ ರಕ್ಷಣೆ, ವಿಚಾರಣೆಗೆ ಹೋಗಿಬರುವ ಖರ್ಚು ಕೊಡುವುದು ಸರ್ಕಾರದ ಕೆಲಸ ಎಂದು ಅದು ಹೇಳುತ್ತದೆ. ಕಟ್ಟೆಗೆ ಕರೆ ಬರುವ ಮೊದಲೇ ಅರ್ಜಿ ಬರೆದು, ಸ್ವೀಕೃತಿ ಇಸಿದುಕೊಳ್ಳಿ.