ಮಾಡದ ‘ಮಾಡ್’: ಒಂದು ಅಭಾವ ಮೀಮಾಂಸೆ

ಅಪಾಚೆ ಎಂಬ ವೆಬ್ ಸರ್ವರ್ 1995ರಲ್ಲಿ ಅವತರಿಸಿತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿಲ್ಲದ ಕಡೆ ಸಂಶೋಧನೆಗೆ ಜಾಗವಿಲ್ಲವಾದ್ದರಿಂದ ನೇರವಾಗಿ ಹೆಸರಿನ ವಿಚಾರಕ್ಕೆ ಬರೋಣ. ಅಮೆರಿಕದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದಿಟ್ಟು ಹೋದ ಸರ್ವರ್‌ಗೆ ಅಲ್ಲಲ್ಲಿನ ವೆಬ್‌ಮಾಸ್ಟರುಗಳು ತೋಚಿದಂತೆ ತೇಪೆ ಹಚ್ಚುತ್ತಿದ್ದರು. ಆ ತೇಪೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿಯೇ ಅಪಾಚೆ. ‘ಎ ಪ್ಯಾಚಿ ಸರ್ವರ್’ ಎಂಬುದೇ ಸವೆದು ಅಪಾಚೆ ಆಯಿತೆಂದು ಒಂದು ಪಕ್ಷ. ಅಲ್ಲಿನ ಮೂಲನಿವಾಸಿ ಅಪಾಚೆ ಜನರ ಮೇಲಿನ ಗೌರವದಿಂದ ಇಟ್ಟ ಹೆಸರೆಂದು ಇನ್ನೊಂದು ಪಕ್ಷ. ಕೌದಿ ಹೊದ್ದು ಬೆಳೆದ ಪ್ರಸ್ತುತ ಲೇಖಕನ ಒಲವು ಯಾವ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

ಈ ಸರ್ವರ್ ತಾನಾಗಿ ಹೆಚ್ಚೇನೂ ಮಾಡದು. ವಿಳಾಸ ತಿದ್ದಲು ಮಾಡ್-ರಿರೈಟ್, ಗುಟ್ಟು ಕಾಯಲು ಮಾಡ್-ಎಸ್‌ಎಸ್‌ಎಲ್, ಹೀಗೆ ಕೆಲಸಕ್ಕೊಂದು ಮಾಡ್ಯೂಲ್. ಇವೆಲ್ಲದರ ಹಿಂದಿರುವ ‘ಮಾಡ್’ ಕನ್ನಡದ ‘ಮಾಡು’ ಧಾತುವೇ ಎಂಬುದು ನನ್ನ ನಿಲುವು. ಕರಾವಳಿಯಲ್ಲಿ ಮಾಡು ಎಂದರೆ ಸೂರಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಮಾಡ್ಯೂಲ್ ಲೋಡ್ ಆಗದ ರಾತ್ರಿ ತಲೆಯ ಮೇಲೆ ಸೂರೂ ಇಲ್ಲದಂತಾಗುವುದರಿಂದ ಆ ಅರ್ಥವೂ ಸಲ್ಲುತ್ತದೆ.

ಮಾಡ್ಯೂಲ್‌ಗಳನ್ನು ಒಳಕ್ಕೆ ಕರೆತರುವ ‘ಲೋಡ್‌ಮಾಡ್ಯೂಲ್’ ಎಂಬ ಆದೇಶ ಮಾಡ್-ಎಸ್‌ಒ ಎಂಬ ಮತ್ತೊಂದು ಮಾಡ್ಯೂಲಿನದು. ಹಾಗಾದರೆ ಅದನ್ನು ಕರೆತರುವವರು ಯಾರು? ಬೀಜವೃಕ್ಷ ನ್ಯಾಯದ ಮೇಲೆ ನಮ್ಮವರು ಶತಮಾನಗಟ್ಟಲೆ ವಾದಿಸಿದರು. ಅಪಾಚೆಯವರು ಮಾಡ್-ಎಸ್‌ಒವನ್ನು ಹುಟ್ಟುವಾಗಲೇ ಸರ್ವರಿನ ಹೊಟ್ಟೆಯೊಳಗಿಟ್ಟು ಹೊಲಿದು ವಾದ ಮುಗಿಸಿದರು.

ಇನ್ನು ಅಭಾವ. ‘ಇಲ್ಲ’ ಎಂಬುದನ್ನೂ ಒಂದು ಪದಾರ್ಥವೆಂದು ಎಣಿಸಿ ನಾಲ್ಕು ಬಗೆಯಾಗಿ ವಿಂಗಡಿಸಿದ ನ್ಯಾಯ-ವೈಶೇಷಿಕರು ಸರ್ವರ್ ಕೋಣೆಯಲ್ಲಿ ಕೂತೇ ಬರೆದಿರಬೇಕೆಂಬ ಗುಮಾನಿ ನನ್ನದು. ಮಡಕೆ ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ: ಪ್ಯಾಕೇಜನ್ನೇ ಹಾಕಿಲ್ಲ. ಡೆಬಿಯನ್ ಪಂಥದಲ್ಲಿ ಇದಕ್ಕೊಂದು ಉಪಶಾಖೆಯುಂಟು. ಅಲ್ಲಿ ‘ಲಭ್ಯ’ ಎಂಬ ಫೋಲ್ಡರ್ ಬೇರೆ, ‘ಚಾಲೂ’ ಎಂಬ ಫೋಲ್ಡರ್ ಬೇರೆ. ಲಭ್ಯವಿದ್ದ ಮಾತ್ರಕ್ಕೆ ಚಾಲೂ ಅಲ್ಲ ಎಂಬುದನ್ನು ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಯಂತ್ರ ಕಂಡವರು ಬೇಗ ಗ್ರಹಿಸುತ್ತಾರೆ. ಒಡೆದ ಮಡಕೆಯದು ಪ್ರಧ್ವಂಸಾಭಾವ: 2.2ರಲ್ಲಿದ್ದ ಮಾಡ್-ಆಥ್‌ಜೆಡ್-ಡಿಫಾಲ್ಟನ್ನು 2012ರಲ್ಲಿ ಬಂದ 2.4ರಲ್ಲಿ ತೆಗೆದುಹಾಕಿದರೂ ಹಳೆಯ ಕಾನ್ಫಿಗ್ ಫೈಲುಗಳಲ್ಲಿ ಅದರ ಸಾಲು ಇಂದಿಗೂ, ತೀರಿಹೋದವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ, ಉಳಿದಿರುತ್ತದೆ. ಮೊಲದ ಕೊಂಬಿನದು ಅತ್ಯಂತಾಭಾವ: ರಿರೈಟ್ ಎಂದು ಟೈಪಿಸಲು ಹೋಗಿ ‘ರಿವೈರ್ಟ್’ ಎಂದವನ ಮಾಡ್ಯೂಲ್ ಯಾವ ಕಾಲದಲ್ಲೂ ಇರಲಿಲ್ಲ, ಇರುವುದೂ ಇಲ್ಲ. ನಾಲ್ಕನೆಯದು ಅನ್ಯೋನ್ಯಾಭಾವ, ಮಡಕೆಯು ಬಟ್ಟೆಯಲ್ಲ ಎಂಬಂಥದು. ಅದರ ಸೊಗಸನ್ನು ಸ್ವಾನುಭವದಿಂದಲೇ ತೋರಿಸಬೇಕು.

ನಾನು ಕೆಲಸಕ್ಕಿದ್ದ ಒಂದು ಕಚೇರಿಯಲ್ಲಿ ಸೆಂಟ್‌ಒಎಸ್ 6ರಿಂದ 7ಕ್ಕೆ ಸರ್ವರ್ ಬದಲಿಸುವ ರಾತ್ರಿ. ಎಂದೋ ಕೆಲಸ ಬಿಟ್ಟು ಹೋದ ಯಾರೋ ಬರೆದಿದ್ದ ಪುಟ್ಟದೊಂದು ಮಾಡ್ಯೂಲ್ ಇತ್ತು. ನಮ್ಮ ಹುಡುಗ ಅದರ ಡಾಟ್ ಎಸ್‌ಒ ಫೈಲನ್ನು ಹಳೆಯ ಮನೆಯಿಂದ ಹೊಸ ಮನೆಗೆ ದೇವರ ಪಟ ಸಾಗಿಸುವಂತೆ ಭಕ್ತಿಯಿಂದ ಕಾಪಿ ಮಾಡಿದ. ಹನ್ನೊಂದೂವರೆಗೆ ಸರ್ವರ್ ಏಳಲಿಲ್ಲ.

“ಸಾರ್, ‘ಫೈಲ್ ಇಲ್ಲ’ ಅಂತಿದೆ. ಎಲ್‌ಎಸ್ ಹೊಡೆದ್ರೆ ಕಣ್ಮುಂದೆ ಕಾಣ್ತಿದೆ ಸಾರ್!”

ಇಲ್ಲಿ ಎರಡು ಪೂರ್ವಪಕ್ಷಗಳು ತಲೆಯೆತ್ತುತ್ತವೆ. ಮೊದಲನೆಯದು ಪುನರ್ಜನ್ಮವಾದ: ಮಷೀನ್ ರೀಸ್ಟಾರ್ಟ್ ಮಾಡು. ಕರ್ಮ ಸವೆಯದೆ ಜನ್ಮ ಬದಲಾದರೇನು, ಅದೇ ಎರರ್ ಬಂತು. ಎರಡನೆಯದು 777 ಸಂಪ್ರದಾಯ: ಸರ್ವರಿಗೂ ಸರ್ವ ಅನುಮತಿ ಕೊಡು. ಆ ಫೈಲನ್ನು ಅಂದಿನಿಂದ ಯಾರು ಬೇಕಾದರೂ ಓದಬಹುದಿತ್ತು, ತಿದ್ದಬಹುದಿತ್ತು. ಲೋಡ್ ಮಾತ್ರ ಆಗಲಿಲ್ಲ.

ಈಗ ಸಿದ್ಧಾಂತ. ಅಪಾಚೆಯ ಎರರ್ ವಾಕ್ಯದಲ್ಲಿ ಎರಡೆರಡು ಚುಕ್ಕೆಗಳು ನಾಲ್ಕು ಕಡೆ ಬರುತ್ತವೆ. ಇಂಗ್ಲಿಷಿನವರು ಇದನ್ನು ಕೋಲನ್ ಎನ್ನುತ್ತಾರೆ; ವಾಸ್ತವವಾಗಿ ಇದು ವಿಸರ್ಗ. ‘ದುಃಖ’ದ ನಡುವೆಯೂ ಇದೇ ಕೂತಿರುವುದು ಆಕಸ್ಮಿಕವಲ್ಲ. ಇಂಥ ಸಾಲಿನಲ್ಲಿ ತಪ್ಪಿದೆ, ವಿಸರ್ಗ. ಇಂಥ ಮಾಡ್ಯೂಲನ್ನು ಸರ್ವರಿನೊಳಕ್ಕೆ ತರಲಾಗಲಿಲ್ಲ, ವಿಸರ್ಗ. ಆಮೇಲೊಂದು ಹೆಸರು, ವಿಸರ್ಗ. ಅದನ್ನು ತೆರೆಯಲಾಗಲಿಲ್ಲ, ವಿಸರ್ಗ. ಅಂಥ ಫೈಲೇ ಇಲ್ಲ. ಜನ ಎರಡನೆಯ ವಿಸರ್ಗದವರೆಗೆ ಓದಿ, ಅಲ್ಲಿಂದ ಕೊನೆಗೆ ಜಿಗಿದು, ಇಲ್ಲವಾದದ್ದು ಮಾಡ್ಯೂಲೇ ಎಂದು ಅನ್ವಯ ಮಾಡುತ್ತಾರೆ.

“ನಡುವೆ ಏನೋ ಹೆಸರಿದೆಯಲ್ಲಪ್ಪ, ಅದನ್ನ ಓದು” ಎಂದೆ.

“ಲಿಬ್‌ಪಿಸಿಆರ್‌ಇ ಡಾಟ್ ಎಸ್‌ಒ ಡಾಟ್ ಸೊನ್ನೆ, ಸಾರ್.”

ಇಲ್ಲದ್ದು ಅದು! ಮದುಮಗ ಮಂಟಪದಲ್ಲೇ ಇದ್ದಾನೆ, ಸೋದರಮಾವ ಬಂದಿಲ್ಲ, ಮುಹೂರ್ತ ನಿಂತಿದೆ. ‘ಎಲ್‌ಡಿಡಿ’ ಎಂಬ ಕಮಾಂಡ್ ಹೊಡೆದರೆ ಒಂದು ಮಾಡ್ಯೂಲಿಗೆ ಯಾರ್‍ಯಾರು ಬೇಕು, ಅವರಲ್ಲಿ ಯಾರು ಸಿಗಲಿಲ್ಲ ಎಂದು ಪಟ್ಟಿ ಬರುತ್ತದೆ. ಕಾಣದಿರುವುದೇ ಪ್ರಮಾಣ, ಭಾಟ್ಟ ಮೀಮಾಂಸಕರು ಇದನ್ನೇ ಅನುಪಲಬ್ಧಿ ಎಂದರು. ಸೆಂಟ್‌ಒಎಸ್ 6ರಲ್ಲಿ ಆ ಲೈಬ್ರರಿಯ ಬಾಲದಲ್ಲಿ ಸೊನ್ನೆ, 7ರಲ್ಲಿ ಒಂದು. ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಹುಡುಗ ಒಂದಕ್ಕೆ ಸೊನ್ನೆಯ ಹೆಸರಿಟ್ಟು ಸಿಮ್‌ಲಿಂಕ್ ಕಟ್ಟಿದ್ದ. ಗಣಿತಜ್ಞರು ಕ್ಷಮಿಸಲಿ. ಸೋದರಮಾವನ ಹೆಸರಿನಲ್ಲಿ ಯಾರೋ ಬಂದು ಕೂತರು, ಶಾಸ್ತ್ರ ಒಂದು ಹೆಜ್ಜೆ ಮುಂದೆ ಹೋಯಿತು.

ಮುಂದೆ ಬಂದದ್ದೇ ಶಾಸನ. ಮಾಡ್ಯೂಲಿನ ರಚನೆ ಕಲಸುಮೇಲೋಗರವಾಗಿದೆ. 41503234 ಎಂಬ ಮುದ್ರೆ ನಿರೀಕ್ಷಿಸಿದ್ದೆ, 41503232 ಕಂಡೆ. ಬಹುಶಃ ಇದು ಅಪಾಚೆಯ ಮಾಡ್ಯೂಲೇ ಅಲ್ಲ, ಇಲ್ಲವೇ ಬೇರೆ ಆವೃತ್ತಿಗೆ ಕಂಪೈಲ್ ಆದದ್ದು ಎಂಬ ಅರ್ಥ. ‘ಬಹುಶಃ’ ಎಂಬ ಈ ವಿನಯವನ್ನು ಗಮನಿಸಬೇಕು. ಯಂತ್ರಕ್ಕೂ ಸಂಶೋಧಕನ ಸಂಕೋಚ ಬಂದಿದೆ, ಜೊತೆಗೆ ವಿಸರ್ಗವೂ.

ಅಂಕಿಗಳನ್ನು ಎರಡೆರಡಾಗಿ ಒಡೆದು ಆಸ್ಕಿ ಕೋಷ್ಟಕದಲ್ಲಿ ಹುಡುಕಿದರೆ ಶಾಸನ ಬಾಯಿಬಿಡುತ್ತದೆ. 41 ಎಂದರೆ ಎ, 50 ಎಂದರೆ ಪಿ, 32 ಎಂದರೆ ಎರಡು, 34 ಎಂದರೆ ನಾಲ್ಕು. ನಿರೀಕ್ಷಿಸಿದ್ದು ‘ಎಪಿ24’, ಸಿಕ್ಕಿದ್ದು ‘ಎಪಿ22’. ಚಾಲುಕ್ಯರ ವರಾಹಮುದ್ರೆಯ ತಾಮ್ರಪಟ ಹಿಡಿದು ಗಂಗರ ಆನೆಮುದ್ರೆಯ ಆಸ್ಥಾನಕ್ಕೆ ಹೋಗಿ ದತ್ತಿ ಕೇಳಿದಂತಾಯಿತು. ಪಟ ಸುಳ್ಳಲ್ಲ, ರಾಜ ಬೇರೆ. ಮಡಕೆಯು ಬಟ್ಟೆಯಲ್ಲ, 2.2 ಎಂಬುದು 2.4 ಅಲ್ಲ, ಅನ್ಯೋನ್ಯಾಭಾವಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ತರ್ಕಗ್ರಂಥಗಳಲ್ಲೂ ಇರಲಾರದು.

ಪರಿಹಾರ ಶಾಸ್ತ್ರದಲ್ಲಿ ಸ್ಪಷ್ಟವಿದೆ: ಮೂಲ ಕೋಡ್ ತಂದು ‘ಎಪಿಎಕ್ಸ್‌ಎಸ್’ ಉಪಕರಣದಿಂದ ಹೊಸ ಸರ್ವರಿನ ಮೇಲೆ ಮತ್ತೆ ಕಂಪೈಲ್ ಮಾಡಬೇಕು. ಮೂಲ ಕೋಡ್ ಎಲ್ಲಿ? ಬರೆದವರ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪ್ ಎಲ್ಲಿ? ಅವರು ಬಿಟ್ಟ ದಿನವೇ ಫಾರ್ಮ್ಯಾಟ್ ಆಗಿ ಅಕೌಂಟ್ಸ್ ವಿಭಾಗಕ್ಕೆ ಹೋಗಿತ್ತು. ಪ್ರಧ್ವಂಸಾಭಾವ.

ಎರಡು ಗಂಟೆಯ ಹೊತ್ತಿಗೆ ಹುಡುಗ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಅವನು ಲೋಡ್‌ಮಾಡ್ಯೂಲ್ ಸಾಲಿನ ಮುಂದೆ ಚೌಕಾಬಾರದ ಮನೆಯಂಥ ಒಂದು ಹ್ಯಾಶ್ ಗುರುತು ಹಾಕಿದ. ಆ ಮಾಡ್ಯೂಲಿಗೆ ಸೇರಿದ ಇನ್ನೊಂದು ಸಾಲಿನ ಮುಂದೆಯೂ ಹಾಕಿದ. ಕಾನ್ಫಿಗ್‌ಟೆಸ್ಟ್ ಹೊಡೆದರೆ ‘ಸಿಂಟ್ಯಾಕ್ಸ್ ಓಕೆ’. ಸರ್ವರ್ ಎದ್ದಿತು, ಬೆಳಿಗ್ಗೆ ಜನ ಬಂದರು, ಪುಟಗಳು ತೆರೆದುಕೊಂಡವು.

ಆ ಮಾಡ್ಯೂಲ್ ಏನು ಮಾಡುತ್ತಿತ್ತೆಂದು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ.